ಕೃತಕ ಬುದ್ಧಿಮತ್ತೆ ಕುರಿತ ವಿಶ್ವವಿದ್ಯಾಲಯದ ಸಾರ್ವಜನಿಕ ಉಪನ್ಯಾಸಗಳನ್ನು ಸಾಮಾನ್ಯ ಕೇಳುಗರು ಹೇಗೆ ಕೇಳಬೇಕು?

ಪ್ರಶ್ನೆ — ಗಣಿತ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಕಂಪ್ಯೂಟರ್ ವಿಜ್ಞಾನವನ್ನು ಕ್ರಮವಾಗಿ ಓದಿದವಳಲ್ಲ. ಕಳೆದ ಒಂದು ವರ್ಷದಿಂದ, ವಿಶ್ವವಿದ್ಯಾಲಯದವರು ಸಾರ್ವಜನಿಕರಿಗಾಗಿ ಏರ್ಪಡಿಸುವ ಕೃತಕ ಬುದ್ಧಿಮತ್ತೆಯ ಉಪನ್ಯಾಸಗಳಿಗೆ ಬಿಡುವಾದಾಗಲೆಲ್ಲ ಹೋಗಿ ಕೂರುತ್ತಿದ್ದೇನೆ. ಇದುವರೆಗೆ ಆರೇಳು ಕೇಳಿರಬಹುದು. ಮಾತನಾಡುವವರು ಆ ಕ್ಷೇತ್ರದಲ್ಲೇ ಕೆಲಸ ಮಾಡುವ ಪ್ರಾಧ್ಯಾಪಕರು, ಸಭಾಂಗಣ ತುಂಬಿರುತ್ತದೆ, ಕೇಳುವಷ್ಟು ಹೊತ್ತು ಎಲ್ಲವೂ ತಿಳಿದಂತೆಯೇ ಅನ್ನಿಸುತ್ತದೆ. ಮನೆಗೆ ಬಂದು ಬರೆದುಕೊಂಡದ್ದನ್ನು ತೆರೆದಾಗ ಮಾತ್ರ, ನನಗೆ ನಿಜವಾಗಿ ತಿಳಿದದ್ದೆಷ್ಟು ಎಂಬ ಅನುಮಾನ ಶುರುವಾಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಎದೆಯ ಎಕ್ಸ್-ರೇ ನೋಡಿ ಕಾಯಿಲೆ ಗುರುತಿಸುವ ಯಂತ್ರದ ಬಗ್ಗೆ ಒಬ್ಬರು ಬಹಳ ಸೊಗಸಾಗಿ ಮಾತನಾಡಿದರು. ನನ್ನ ಪುಸ್ತಕದಲ್ಲಿ '94%' ಎಂದು ದೊಡ್ಡದಾಗಿ ಬರೆದು ಸುತ್ತ ಗೆರೆ ಎಳೆದಿದ್ದೆ. ರಾತ್ರಿ ಅದನ್ನು ನೋಡಿದ ಮಗಳು "ಯಾವುದರಲ್ಲಿ ತೊಂಬತ್ತನಾಲ್ಕು, ಅಮ್ಮ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಶೇಕಡಾವಾರು ಲೆಕ್ಕವನ್ನು ಇಪ್ಪತ್ತು ವರ್ಷ ಕಲಿಸಿದ ನನಗೆ ಆ ಪ್ರಶ್ನೆ ಸಭಾಂಗಣದಲ್ಲೇ ಹೊಳೆಯಬೇಕಿತ್ತಲ್ಲ ಎಂದು ತುಂಬಾ ಬೇಸರವಾಯಿತು.

ಮುಂದಿನ ತಿಂಗಳು ಬಂದ ಇನ್ನೊಬ್ಬ ಪ್ರಾಧ್ಯಾಪಕರು, ಇಂದಿನ ಯಂತ್ರಗಳು ಮಾದರಿಗಳನ್ನು, ಅಂದರೆ ಮತ್ತೆ ಮತ್ತೆ ಕಾಣುವ ವಿನ್ಯಾಸಗಳನ್ನು, ಹುಡುಕುವುದರಲ್ಲಿ ನಿಪುಣವೇ ಹೊರತು ಅವುಗಳಿಗೆ ಅರ್ಥ ತಿಳಿಯುವುದಿಲ್ಲ ಎಂದರು. ಇಬ್ಬರೂ ಬಲ್ಲವರು, ಇಬ್ಬರ ಮಾತೂ ಆ ಹೊತ್ತಿಗೆ ಸರಿಯೆಂದೇ ತೋರಿತ್ತು. ಆ ಎರಡನೆಯ ಸಭೆಯಲ್ಲಿ ಧೈರ್ಯ ಮಾಡಿ ಎದ್ದು, ಶಿಕ್ಷಕರ ಕೆಲಸಕ್ಕೆ ಇದರಿಂದ ಕುತ್ತು ಬರುತ್ತದೆಯೇ ಎಂದು ಕೇಳಿದೆ. ಅವರು ಸೌಜನ್ಯದಿಂದಲೇ ಏನೋ ಹೇಳಿದರು. ಆದರೆ ಅದು ಯಾರು ಬೇಕಾದರೂ ಹೇಳಬಹುದಾದ ಉತ್ತರವಾಗಿತ್ತು. ಕೇಳುವ ಅವಕಾಶವನ್ನು ವ್ಯರ್ಥ ಮಾಡಿದೆನೆಂಬ ಭಾವನೆ ಈಗಲೂ ಇದೆ.

ಹೀಗಾಗಿ ತಿಳಿದವರಲ್ಲಿ ನನ್ನ ಕೋರಿಕೆ: ಇಂಥ ಉಪನ್ಯಾಸದಲ್ಲಿ ಸಂಶೋಧನೆಯಿಂದ ಸಿದ್ಧವಾದ ಮಾತನ್ನೂ ಉತ್ಸಾಹದಿಂದ ಬಂದ ಮಾತನ್ನೂ ಬೇರ್ಪಡಿಸಿ ನೋಡುವುದು ಹೇಗೆ? ಕೊನೆಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಲು ಸಾಧ್ಯವಿದ್ದರೆ ಏನನ್ನು ಕೇಳಬೇಕು?

ಉತ್ತರ 1 — ಯಂತ್ರಕಲಿಕೆಯ ಸಂಶೋಧಕ

ನಮಸ್ಕಾರ ಮೇಡಂ. ನಾನು ಇಂಥ ಉಪನ್ಯಾಸಗಳನ್ನು ಕೇಳಿಯೂ ಇದ್ದೇನೆ, ಕೊಟ್ಟೂ ಇದ್ದೇನೆ. ತಮ್ಮ ಗೊಂದಲಕ್ಕೆ ಅರ್ಧ ಕಾರಣ ವೇದಿಕೆಯ ಮೇಲಿರುವ ನಮ್ಮಂಥವರೇ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ನಮ್ಮ ಮಾತಿನಲ್ಲಿ ಅಳೆದು ನೋಡಿದ್ದು, ಅಳತೆಯಿಂದ ಊಹಿಸಿದ್ದು, ಮುಂದೆ ಹೀಗಾಗುತ್ತದೆ ಎಂದು ನಂಬಿದ್ದು ಈ ಮೂರೂ ಒಂದೇ ದನಿಯಲ್ಲಿ, ಒಂದೇ ಬಗೆಯ ಸ್ಲೈಡಿನ ಮೇಲೆ ಬಂದುಬಿಡುತ್ತವೆ. ನಾನು ಕೇಳುಗನಾಗಿ ಹೋದಾಗ ಪುಸ್ತಕದ ಅಂಚಿನಲ್ಲಿ 'ಅ', 'ಊ', 'ನಂ' ಎಂದು ಗುರುತು ಹಾಕಿಕೊಳ್ಳುತ್ತೇನೆ. ಒಂದು ಗಂಟೆಯ ಉಪನ್ಯಾಸದಲ್ಲಿ 'ಅ' ಎಷ್ಟು ಕಡಿಮೆ ಇರುತ್ತದೆ ಎಂಬುದು ಎರಡು ಸಭೆಗಳಲ್ಲೇ ತಮಗೆ ಕಾಣುತ್ತದೆ.

ಈ ಬೆರಕೆ ಹೊಸದಲ್ಲ. 1958ರಲ್ಲಿ ಫ್ರ್ಯಾಂಕ್ ರೋಸೆನ್‌ಬ್ಲಾಟ್ ಎಂಬ ಅಮೆರಿಕದ ಮನೋವಿಜ್ಞಾನಿ ರೂಪಿಸಿದ, ಉದಾಹರಣೆಗಳಿಂದ ಕಲಿಯುವ 'ಪರ್ಸೆಪ್ಟ್ರಾನ್' ವ್ಯವಸ್ಥೆಯನ್ನು ಪತ್ರಕರ್ತರೆದುರು ತೋರಿಸಿದಾಗ ನಿಜವಾಗಿ ನಡೆದದ್ದು ಇಷ್ಟು: ಎಡಕ್ಕೆ ಗುರುತಿರುವ ಕಾರ್ಡು ಯಾವುದು, ಬಲಕ್ಕೆ ಗುರುತಿರುವ ಕಾರ್ಡು ಯಾವುದು ಎಂಬುದನ್ನು ಐವತ್ತು ಪ್ರಯತ್ನಗಳ ಬಳಿಕ ಕಂಪ್ಯೂಟರ್ ತಾನಾಗಿ ಕಲಿತಿತ್ತು. ಮರುದಿನದ ಪತ್ರಿಕೆಯಲ್ಲಿ ಬಂದದ್ದು, ಮುಂದೆ ನಡೆಯುವ, ಮಾತನಾಡುವ, ತನ್ನನ್ನು ತಾನೇ ಸೃಷ್ಟಿಸಿಕೊಳ್ಳುವ, ತನ್ನ ಇರವಿನ ಅರಿವಿರುವ ಯಂತ್ರದ ಮೊಳಕೆ ಇದು ಎಂದು. ಕಾರ್ಡುಗಳನ್ನು ಬೇರ್ಪಡಿಸಿದ್ದು ಸಣ್ಣ ಸಾಧನೆಯಲ್ಲ. ಇಂದಿನ ನರಜಾಲಗಳ, ಅಂದರೆ ಮೆದುಳಿನ ನರಕೋಶಗಳ ಜೋಡಣೆಯಿಂದ ಪ್ರೇರಣೆ ಪಡೆದು ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ವ್ಯವಸ್ಥೆಗಳ, ಬೇರು ಅಲ್ಲಿಯೇ ಇದೆ. ಆದರೆ ಆ ಎರಡು ಮಾತುಗಳ ನಡುವಿನ ದೂರವನ್ನು ಕೇಳುಗರಿಗೆ ಯಾರೂ ಅಳೆದು ತೋರಿಸಲಿಲ್ಲ. ಹಾಗೆಯೇ 2016ರಲ್ಲಿ ನರಜಾಲಗಳ ಹೆಸರಾಂತ ಸಂಶೋಧಕ ಜೆಫ್ರಿ ಹಿಂಟನ್ ಅವರು ಟೊರೊಂಟೊದ ಒಂದು ಸಮ್ಮೇಳನದಲ್ಲಿ, ಇನ್ನು ರೇಡಿಯಾಲಜಿಸ್ಟರಿಗೆ (ಎಕ್ಸ್-ರೇಯಂಥ ಚಿತ್ರಗಳನ್ನು ನೋಡಿ ಕಾಯಿಲೆ ಗುರುತಿಸುವ ವೈದ್ಯರಿಗೆ) ತರಬೇತಿ ಕೊಡುವುದನ್ನು ನಿಲ್ಲಿಸಬೇಕು, ಐದು ವರ್ಷಗಳಲ್ಲಿ ಯಂತ್ರ ಅವರನ್ನು ಮೀರಿಸುತ್ತದೆ ಎಂದರು. ಅವಧಿ ಮುಗಿದು ವರ್ಷಗಳೇ ಆದರೂ ಆ ವೃತ್ತಿ ಇದೆ. ಅದೇ ಹಿಂಟನ್ ಮತ್ತು ಅವರ ಇಬ್ಬರು ವಿದ್ಯಾರ್ಥಿಗಳು 2012ರಲ್ಲಿ, ಚಿತ್ರದಲ್ಲಿ ಏನಿದೆ ಎಂದು ಕಂಪ್ಯೂಟರ್ ಗುರುತಿಸಬೇಕಾದ ಇಮೇಜ್‌ನೆಟ್ ಸ್ಪರ್ಧೆಯಲ್ಲಿ ತಮ್ಮ ನರಜಾಲದ ತಪ್ಪನ್ನು 15.3%ಕ್ಕೆ ಇಳಿಸಿದ್ದರು, ಎರಡನೆಯ ಸ್ಥಾನದವರ ತಪ್ಪು 26.2% ಇತ್ತು. ಒಬ್ಬರೇ ವ್ಯಕ್ತಿಯ ಒಂದು ಮಾತಿಗೆ ನಾನು 'ಅ' ಹಾಕುತ್ತೇನೆ, ಇನ್ನೊಂದಕ್ಕೆ 'ನಂ'. ಇದರಿಂದ ಅವರ ಮೇಲಿನ ಗೌರವವೇನೂ ಕಡಿಮೆಯಾಗುವುದಿಲ್ಲ.

ಇನ್ನು ಯಾವ ಪ್ರಶ್ನೆ ಎಂದರೆ, ನನಗೇ ಎದುರಾದ ಒಂದನ್ನು ಹೇಳುತ್ತೇನೆ. ಹಲವು ವರ್ಷಗಳ ಹಿಂದೆ, ವಾಕ್ಯ ಕೊಟ್ಟರೆ ಚಿತ್ರ ಬರೆಯುವ ವ್ಯವಸ್ಥೆಯೊಂದರ ಬಗ್ಗೆ ಮಾತನಾಡುತ್ತಾ ಎಂಟು ಚಿತ್ರಗಳಿದ್ದ ಸ್ಲೈಡ್ ತೋರಿಸಿದೆ. ಎಂಟೂ ಅಚ್ಚುಕಟ್ಟಾಗಿದ್ದವು, ಸಭೆ ಚಪ್ಪಾಳೆ ತಟ್ಟಿತು. ಕೊನೆಯಲ್ಲಿ ಹಿಂದಿನ ಸಾಲಿನಿಂದ ಹಿರಿಯ ಮಹಿಳೆಯೊಬ್ಬರು ಎದ್ದು, "ಈ ಎಂಟನ್ನು ಆರಿಸಲು ನೀವು ಎಷ್ಟನ್ನು ಬಿಟ್ಟಿರಿ?" ಎಂದು ಕೇಳಿದರು. ಹೆಚ್ಚುಕಡಿಮೆ ಇನ್ನೂರನ್ನು ಬಿಟ್ಟಿದ್ದೆ. ಕೆಲವಕ್ಕೆ ಆರು ಬೆರಳುಗಳಿದ್ದವು, ಕೆಲವದರಲ್ಲಿ ಕೇಳಿದ ವಸ್ತುವೇ ಇರಲಿಲ್ಲ. ಅದನ್ನು ಅಲ್ಲಿಯೇ ಒಪ್ಪಿಕೊಂಡೆ. ಅಂದಿನಿಂದ, ಆರಿಸದೆ ತೆಗೆದ ಒಂದು ಸ್ಲೈಡನ್ನು ಪ್ರತಿ ಉಪನ್ಯಾಸದಲ್ಲೂ ಸೇರಿಸುತ್ತೇನೆ, ಜನ ಅತಿ ಹೆಚ್ಚು ಪ್ರಶ್ನೆ ಕೇಳುವುದು ಅದರ ಮೇಲೆಯೇ. ತಾವು ಮುಂದಿನ ಸಲ "ನಿಮ್ಮ ಯಂತ್ರ ಎಲ್ಲಿ ಸೋಲುತ್ತದೆ, ಒಂದು ಉದಾಹರಣೆ ತೋರಿಸುವಿರಾ?" ಎಂದು ಕೇಳಿ ನೋಡಿ. ಕೆಲಸವನ್ನು ಕೈಯಾರೆ ಮಾಡಿದವರಿಗೆ ಆ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ.

ಉತ್ತರ 2 — ಸಂಖ್ಯಾಶಾಸ್ತ್ರದ ನಿವೃತ್ತ ಅಧ್ಯಾಪಕ

ತಮ್ಮ ಮಗಳ ಪ್ರಶ್ನೆ ಈ ಚರ್ಚೆಯಲ್ಲೇ ಅತ್ಯುತ್ತಮವಾದ ಪ್ರಶ್ನೆ. ಆ 94ನ್ನು ಹಿಡಿದುಕೊಂಡೇ ಒಂದು ಲೆಕ್ಕ ಮಾಡೋಣ. ತಾವು ಗಣಿತದವರಾದ್ದರಿಂದ ತರಗತಿಯಲ್ಲೂ ಇದು ಕೆಲಸಕ್ಕೆ ಬಂದೀತು.

ಸಾವಿರ ಜನರ ಎಕ್ಸ್-ರೇ ಇದೆ, ಅವರಲ್ಲಿ 60 ಮಂದಿಗೆ ಕಾಯಿಲೆ ಇದೆ ಎಂದುಕೊಳ್ಳಿ. ಚಿತ್ರವನ್ನು ನೋಡದೆಯೇ ಎಲ್ಲರಿಗೂ "ಕಾಯಿಲೆ ಇಲ್ಲ" ಎಂದು ಹೇಳುವ ಒಂದು ಯಂತ್ರವನ್ನು ಕಲ್ಪಿಸಿಕೊಳ್ಳಿ. ಅದು 940 ಮಂದಿಯ ವಿಷಯದಲ್ಲಿ ಸರಿಯಾಗಿ ಹೇಳಿದಂತಾಯಿತು, ಅಂದರೆ 94% ನಿಖರತೆ. ಒಬ್ಬ ರೋಗಿಯನ್ನೂ ಅದು ಹಿಡಿಯಲಿಲ್ಲ. ಈಗ ನಿಜವಾಗಿ ಕೆಲಸ ಮಾಡುವ ಇನ್ನೊಂದು ಯಂತ್ರವನ್ನು ತೆಗೆದುಕೊಳ್ಳಿ: ಅದು 60 ರೋಗಿಗಳಲ್ಲಿ 54 ಮಂದಿಯನ್ನು ಗುರುತಿಸುತ್ತದೆ, ಆದರೆ ಆರೋಗ್ಯವಂತ 940 ಮಂದಿಯಲ್ಲಿ ಹತ್ತರಲ್ಲಿ ಒಬ್ಬರಿಗೆ, ಅಂದರೆ 94 ಮಂದಿಗೆ, ತಪ್ಪಾಗಿ ಕಾಯಿಲೆ ಇದೆ ಎನ್ನುತ್ತದೆ. ಸರಿಯಾದ ಉತ್ತರಗಳು 54 ಮತ್ತು 846, ಒಟ್ಟು 900, ನಿಖರತೆ 90%. ಏನೂ ಮಾಡದ ಯಂತ್ರದ ಅಂಕ ಹೆಚ್ಚು, ದುಡಿಯುವ ಯಂತ್ರದ ಅಂಕ ಕಡಿಮೆ! ಜೊತೆಗೆ ಈ ಎರಡನೆಯ ಯಂತ್ರ "ಕಾಯಿಲೆ ಇದೆ" ಎಂದದ್ದು ಒಟ್ಟು 148 ಮಂದಿಗೆ, ಅವರಲ್ಲಿ ನಿಜವಾದ ರೋಗಿಗಳು 54, ಅಂದರೆ ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ಹೀಗೆಂದು ಅದು ಕೆಲಸಕ್ಕೆ ಬಾರದ್ದೆಂದಲ್ಲ. ವೈದ್ಯರು ಮೊದಲು ಯಾರ ಚಿತ್ರವನ್ನು ನೋಡಬೇಕು ಎಂದು ಸಾಲು ಹಚ್ಚಲು ಅದು ಬಹಳ ಒಳ್ಳೆಯ ಸಾಧನವಾಗಬಹುದು.

ಹಾಗಾಗಿ ಶೇಕಡಾವಾರು ಅಂಕಿ ಕಿವಿಗೆ ಬಿದ್ದಾಗಲೆಲ್ಲ, ರೋಗಿಗಳಲ್ಲಿ ಎಷ್ಟು ಮಂದಿ ತಪ್ಪಿಹೋದರು, ಆರೋಗ್ಯವಂತರಲ್ಲಿ ಎಷ್ಟು ಮಂದಿಗೆ ಸುಳ್ಳು ಎಚ್ಚರಿಕೆ ಸಿಕ್ಕಿತು ಎಂದು ಎರಡನ್ನೂ ಬೇರೆಬೇರೆಯಾಗಿ ಕೇಳಬೇಕು. ಇದರೊಂದಿಗೆ, ಪರೀಕ್ಷೆಗೆ ಬಳಸಿದ ಚಿತ್ರಗಳು ಎಲ್ಲಿಂದ ಬಂದವು ಎಂಬುದೂ ತಿಳಿಯಬೇಕು. 2018ರಲ್ಲಿ ಅಮೆರಿಕದ ಸಂಶೋಧಕರು ಮೂರು ಸಂಸ್ಥೆಗಳ ಎದೆ ಎಕ್ಸ್-ರೇಗಳ ಮೇಲೆ ನ್ಯುಮೋನಿಯಾ ಗುರುತಿಸುವ ನರಜಾಲಗಳನ್ನು ಪರೀಕ್ಷಿಸಿದರು. ಐದು ಹೋಲಿಕೆಗಳಲ್ಲಿ ಮೂರರಲ್ಲಿ, ತಾನು ಕಲಿತ ಆಸ್ಪತ್ರೆಯ ಹೊರಗೆ ಜಾಲದ ಸಾಮರ್ಥ್ಯ ಗಮನಾರ್ಹವಾಗಿ ಕುಸಿಯಿತು. ಚಿತ್ರ ಯಾವ ಆಸ್ಪತ್ರೆಯದು ಎಂಬುದನ್ನು ಮಾತ್ರ ಜಾಲ ಹೆಚ್ಚುಕಡಿಮೆ ತಪ್ಪಿಲ್ಲದೆ ಹೇಳಬಲ್ಲದಾಗಿತ್ತು! ಒಂದು ಕಡೆಯ ಚಿತ್ರಗಳಲ್ಲಿ ನ್ಯುಮೋನಿಯಾ ಸುಮಾರು 34%, ಇನ್ನೊಂದು ಕಡೆಯವುಗಳಲ್ಲಿ ಸುಮಾರು 1% ಇದ್ದುದರಿಂದ, ಆಸ್ಪತ್ರೆಯನ್ನು ಗುರುತಿಸಿದರೇ ಅರ್ಧ ಉತ್ತರ ಸಿಕ್ಕಂತೆ. ತಮ್ಮ ಇಬ್ಬರು ಪ್ರಾಧ್ಯಾಪಕರಲ್ಲಿ ವಿರೋಧವಿದೆ ಎಂದು ನನಗನ್ನಿಸುವುದಿಲ್ಲ. ಮೊದಲನೆಯವರು ಹೇಳಿದಂಥ ಅಂಕಿಯೂ, ಎರಡನೆಯವರು ಹೇಳಿದ 'ಮಾದರಿ ಹುಡುಕುವಿಕೆ'ಯೂ ಈ ಒಂದೇ ಅಧ್ಯಯನದೊಳಗೆ ಒಟ್ಟಿಗೇ ಕಾಣಸಿಗುತ್ತವೆ.

ಉತ್ತರ 3 — ಉಪನ್ಯಾಸಗಳನ್ನು ಏರ್ಪಡಿಸುವವಳು

ನಾನು ವಿಶ್ವವಿದ್ಯಾಲಯವೊಂದರಲ್ಲಿ ಸಾರ್ವಜನಿಕ ಕಾರ್ಯಕ್ರಮಗಳನ್ನು ನೋಡಿಕೊಳ್ಳುತ್ತೇನೆ. ಅಂಚಿನಲ್ಲಿ ಗುರುತು ಹಾಕುವ ಸಲಹೆ ಒಳ್ಳೆಯದೇ. ಆದರೆ ಮೊದಲ ಸಲ ಕೇಳುವಾಗ ಬರೆಯುತ್ತಾ ಕೂತರೆ ಮುಂದಿನ ಎರಡು ವಾಕ್ಯ ಕೈತಪ್ಪುತ್ತವೆ ಎಂಬುದು ನನ್ನ ಅನುಭವ. ಬಹುತೇಕ ಕಡೆ ಈಗ ಧ್ವನಿಮುದ್ರಣ ಸಿಗುತ್ತದೆ. ಸಭೆಯಲ್ಲಿ ಸುಮ್ಮನೆ ಕೇಳಿ, ಮನೆಯಲ್ಲಿ ಎರಡನೆಯ ಸಲ ಕೇಳುವಾಗ ಗುರುತು ಹಾಕಿ.

ಪ್ರಕಟಣೆಯನ್ನು ಗಮನವಿಟ್ಟು ಓದುವುದು ಇನ್ನೂ ಮುಖ್ಯ. ವಿಭಾಗದೊಳಗಿನ ಸಂಶೋಧನಾ ಸೆಮಿನಾರ್ ಅದೇ ವಿಷಯದವರಿಗಾಗಿ ಇರುವಂಥದ್ದು. ಹೊರಗಿನವರಿಗೆ ಬಾಗಿಲು ತೆರೆದಿದ್ದರೂ ಅಲ್ಲಿ ವಿವರಣೆ ನಿರೀಕ್ಷಿಸಬಾರದು. ಹೊಸದಾಗಿ ಪ್ರಾಧ್ಯಾಪಕರಾದವರ ಪ್ರಥಮ ಉಪನ್ಯಾಸ ಹಾಗಲ್ಲ, ಒಬ್ಬರ ಹತ್ತಾರು ವರ್ಷಗಳ ಕೆಲಸ ಒಂದು ಕಥೆಯಾಗಿ ಅಲ್ಲಿ ಸಿಗುತ್ತದೆ. ನನಗೆ ಅತ್ಯಂತ ಇಷ್ಟವಾದದ್ದು ಚರ್ಚೆಯ ರೂಪ. 1973ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ, ಈ ಕ್ಷೇತ್ರವನ್ನು ಕಟುವಾಗಿ ಟೀಕಿಸಿ ವರದಿ ಬರೆದಿದ್ದ ಗಣಿತಜ್ಞ ಜೇಮ್ಸ್ ಲೈಟ್‌ಹಿಲ್ ಒಂದು ಕಡೆ, ಡೊನಾಲ್ಡ್ ಮಿಚಿ, ಜಾನ್ ಮೆಕಾರ್ಥಿ, ರಿಚರ್ಡ್ ಗ್ರೆಗರಿ ಮೂವರೂ ಈ ಕ್ಷೇತ್ರದ ಪರವಾಗಿ ಇನ್ನೊಂದು ಕಡೆ ಕೂತು ಸಭಿಕರೆದುರು ವಾದಿಸಿದರು. ಅದನ್ನು ಬಿಬಿಸಿ ಪ್ರಸಾರ ಮಾಡಿತು, ದೃಶ್ಯಮುದ್ರಣ ಇಂದಿಗೂ ನೋಡಲು ಸಿಗುತ್ತದೆ. ಎಲ್ಲ ಕೆಲಸಕ್ಕೂ ಒದಗುವ ರೋಬೋ ಒಂದು ಮರೀಚಿಕೆ ಎಂದು ಲೈಟ್‌ಹಿಲ್ ಅಲ್ಲಿ ವಾದಿಸಿದ್ದರು. ಆ ವರದಿಯ ಬಳಿಕ ಬ್ರಿಟನ್ನಿನಲ್ಲಿ ಈ ಸಂಶೋಧನೆಗೆ ಸಿಗುತ್ತಿದ್ದ ಹಣ ಬಹಳಷ್ಟು ನಿಂತಿತು ಎಂಬುದನ್ನು ನೆನಪಿಟ್ಟುಕೊಂಡು ನೋಡಿದರೆ, ಆ ಒಂದೊಂದು ಮಾತಿನ ಹಿಂದೆ ಏನಿತ್ತು ಎಂಬುದು ತಿಳಿಯುತ್ತದೆ. ಒಬ್ಬರೇ ಮಾತನಾಡುವಾಗ ಕಾಣದ ಬಿರುಕುಗಳು ಇಬ್ಬರು ಎದುರುಬದುರು ಕೂತಾಗ ಕಾಣುತ್ತವೆ. ನಿಧಾನವಾಗಿ ಬೆಳೆಯುವ ವಾದ ಬೇಕೆನಿಸಿದರೆ, ಕೃತಕ ಬುದ್ಧಿಮತ್ತೆಯ ಸಂಶೋಧಕ ಸ್ಟುವರ್ಟ್ ರಸ್ಸೆಲ್ ಅವರು ಬಿಬಿಸಿ ರೇಡಿಯೋದ ವಾರ್ಷಿಕ ಸರಣಿಯಲ್ಲಿ 2021ರಲ್ಲಿ ಕೊಟ್ಟ ನಾಲ್ಕು ರೀತ್ ಉಪನ್ಯಾಸಗಳಿವೆ. ಮಕ್ಕಳೊಂದಿಗೆ ನೋಡುವುದಾದರೆ, 1825ರಿಂದ ನಡೆದುಬಂದಿರುವ ರಾಯಲ್ ಇನ್‌ಸ್ಟಿಟ್ಯೂಷನ್ ಕ್ರಿಸ್‌ಮಸ್ ಉಪನ್ಯಾಸಗಳ ಸಾಲಿನಲ್ಲಿ ಮೈಕೆಲ್ ವೂಲ್‌ರಿಜ್ ಅವರು 2023ರಲ್ಲಿ ಇದೇ ವಿಷಯವನ್ನು ತೆಗೆದುಕೊಂಡಿದ್ದರು.

ಪ್ರಶ್ನೋತ್ತರದ ಬಗ್ಗೆ ಒಂದು ಮಾತು: ಮೈಕು ಕೈಗೆ ಬರುವ ಮೊದಲೇ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ಸಭೆ ಮುಗಿದ ಮೇಲೆ, ಆ ಕೆಲಸ ಮಾಡಿದ ಸಂಶೋಧನಾ ವಿದ್ಯಾರ್ಥಿಗಳು ಬಂದಿದ್ದಾರೆಯೇ ವಿಚಾರಿಸಿ. ದತ್ತಾಂಶವನ್ನು ಕೈಯಲ್ಲಿ ಹಿಡಿದವರು ಅವರು. ವೇದಿಕೆಯ ಮೇಲೆ ಸಮಯ ಸಾಲದೆ ಬಿಟ್ಟುಹೋದದ್ದನ್ನು ಸಂತೋಷದಿಂದ ಹೇಳುತ್ತಾರೆ.

ಉತ್ತರ 4 — ಶಿಕ್ಷಣ ಕ್ಷೇತ್ರದ ಸಂಶೋಧಕಿ

ಮೇಲಿನ ಮೂವರೂ ಒಳ್ಳೆಯ ಸಲಹೆ ಕೊಟ್ಟಿದ್ದಾರೆ. ಆದರೆ ಶಿಕ್ಷಕಿಯವರು ತಮ್ಮ ಪ್ರಶ್ನೆ ವ್ಯರ್ಥವಾಯಿತೆಂದು ಬರೆದದ್ದನ್ನು ಯಾರೂ ಅಲ್ಲಗಳೆಯದಿರುವುದು ನನಗೆ ನೋವು ತಂದಿತು. ಕೆಲಸದ ಬಗ್ಗೆ, ಮಕ್ಕಳ ಬಗ್ಗೆ ಕೇಳುವ ಹಕ್ಕು ಸಾರ್ವಜನಿಕರಿಗೆ ಇಲ್ಲದಿದ್ದರೆ ಅದನ್ನು ಸಾರ್ವಜನಿಕ ಉಪನ್ಯಾಸ ಎನ್ನುವುದೇಕೆ? ತೊಂದರೆ ಇದ್ದದ್ದು ಉತ್ತರ ಕೊಟ್ಟವರ ಪರಿಣತಿಯಲ್ಲಿ. ನರಜಾಲಗಳನ್ನು ಕಟ್ಟುವವರಿಗೆ ತರಗತಿಯ ಬಗ್ಗೆಯೂ ಅಷ್ಟೇ ತಿಳಿದಿರಬೇಕೆಂದೇನಿಲ್ಲ, ಆದರೂ ವೇದಿಕೆಯ ಮೇಲಿರುವವರನ್ನು ಎಲ್ಲರೂ ಎಲ್ಲವನ್ನೂ ಕೇಳುತ್ತಾರೆ, ಅವರೂ ಉತ್ತರಿಸಿಬಿಡುತ್ತಾರೆ.

ಸಮಾಜದ ಪ್ರಶ್ನೆಗಳನ್ನೂ ಅಳೆಯಬಹುದು. ಜಾಯ್ ಬೂಲಮ್‌ವಿನಿ ಮತ್ತು ಟಿಮ್ನಿಟ್ ಗೆಬ್ರು ಅವರು 2018ರಲ್ಲಿ, ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮಾರುಕಟ್ಟೆಯ ವ್ಯವಸ್ಥೆಗಳನ್ನು ಚರ್ಮದ ಬಣ್ಣದ ಪ್ರಕಾರ ವಿಂಗಡಿಸಿ ಪರೀಕ್ಷಿಸಿದರು. ತಿಳಿ ಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಹೆಚ್ಚೆಂದರೆ 0.8%, ಕಪ್ಪು ಬಣ್ಣದ ಹೆಂಗಸರ ವಿಷಯದಲ್ಲಿ 34.7%ರವರೆಗೆ ಇತ್ತು. ಒಟ್ಟು ನಿಖರತೆಯ ಅಂಕಿಯೊಳಗೆ ಅಡಗಿದ್ದ ಅನ್ಯಾಯವನ್ನು ಅವರು ಲೆಕ್ಕ ಹಾಕಿ ಹೊರಗೆ ತಂದರು.

ತಮ್ಮ ವೃತ್ತಿಗೆ ಇನ್ನೂ ಹತ್ತಿರವಾದ ಒಂದು ಅಧ್ಯಯನವಿದೆ. ಟರ್ಕಿಯ ಒಂದು ಪ್ರೌಢಶಾಲೆಯ ಸುಮಾರು ಸಾವಿರ ವಿದ್ಯಾರ್ಥಿಗಳ ಗಣಿತದ ತರಗತಿಗಳಲ್ಲಿ ನಡೆದ ಪ್ರಯೋಗವನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದರು. ಚಾಟ್‌ಬಾಟನ್ನು ಹಾಗೆಯೇ ಕೈಗೆ ಕೊಟ್ಟ ಮಕ್ಕಳು ಅಭ್ಯಾಸದ ಲೆಕ್ಕಗಳಲ್ಲಿ ಉಳಿದವರಿಗಿಂತ 48% ಮುಂದಿದ್ದರು; ಅದನ್ನು ತೆಗೆದು ಪರೀಕ್ಷೆ ಕೊಟ್ಟಾಗ, ಅದನ್ನು ಎಂದೂ ಬಳಸದವರಿಗಿಂತ 17% ಹಿಂದುಳಿದರು. ಶಿಕ್ಷಕರು ಸಿದ್ಧಪಡಿಸಿದ ಸುಳಿವುಗಳನ್ನು ಮಾತ್ರ ಕೊಡುವಂತೆ, ಉತ್ತರವನ್ನು ಬಿಟ್ಟುಕೊಡದಂತೆ ರೂಪಿಸಿದ ಇನ್ನೊಂದು ಬಗೆಯನ್ನು ಬಳಸಿದವರಲ್ಲಿ ಈ ಹಿನ್ನಡೆ ಬಹುಮಟ್ಟಿಗೆ ಕಾಣಲಿಲ್ಲ. ಮೇಡಂ, ಮಕ್ಕಳು ಎಲ್ಲಿ ಎಡವುತ್ತಾರೆ ಎಂದು ಬಲ್ಲ ಶಿಕ್ಷಕರಿಗೆ ಅಲ್ಲಿದ್ದ ಪಾತ್ರವನ್ನು ಗಮನಿಸಿ. ಹಾಗಾಗಿ ಮುಂದಿನ ಸಲ ಅದೇ ಪ್ರಶ್ನೆಯನ್ನು ಬಿಡಬೇಡಿ, ತುಸು ಬದಲಿಸಿ: "ಈ ಸಾಧನವನ್ನು ಕೈಯಿಂದ ತೆಗೆದ ಮೇಲೆ ಮಕ್ಕಳಿಗೆ ಏನು ಬರುತ್ತದೆ ಎಂದು ಪರೀಕ್ಷಿಸಿದ್ದೀರಾ?"

ಪ್ರಶ್ನೆ ಕೇಳಿದವರ ಮರುನುಡಿ

ಎಲ್ಲರಿಗೂ ಮನಸಾರೆ ಧನ್ಯವಾದಗಳು. 148ರಲ್ಲಿ 54ರ ಲೆಕ್ಕವನ್ನು ನಿನ್ನೆ ಹತ್ತನೆಯ ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಮಾಡಿಸಿದೆ. ಏನೂ ಮಾಡದ ಯಂತ್ರಕ್ಕೆ ಹೆಚ್ಚು ಅಂಕ ಬಂದಾಗ ಒಬ್ಬ ಹುಡುಗ ಎದ್ದು ನಿಂತು, ಹಾಗಾದರೆ ಅಂಕ ಕೊಟ್ಟ ಕ್ರಮವೇ ತಪ್ಪು ಎಂದು ವಾದಿಸಿದ. ಅವಧಿ ಮುಗಿದ ಗಂಟೆ ಹೊಡೆದರೂ ಚರ್ಚೆ ನಿಲ್ಲಲಿಲ್ಲ.

ನಿಮ್ಮ ಮಾತುಗಳಿಂದ ಧೈರ್ಯ ಬಂದು, ಆ ಮೊದಲ ಪ್ರಾಧ್ಯಾಪಕರಿಗೆ ಒಂದು ಮಿಂಚಂಚೆ ಬರೆದೆ. ಮೂರನೆಯ ದಿನಕ್ಕೇ ಉತ್ತರ ಬಂತು. 94% ಎಂದರೆ ರೋಗಿಗಳಲ್ಲಿ ಸರಿಯಾಗಿ ಗುರುತಿಸಲಾದವರ ಪಾಲು, ಒಟ್ಟು ನಿಖರತೆಯಲ್ಲ ಎಂದು ತಿಳಿಸಿ, ಸ್ಲೈಡಿನಲ್ಲಿ ಅದನ್ನು ಬರೆಯಬೇಕಿತ್ತು ಎಂದು ಒಪ್ಪಿಕೊಂಡಿದ್ದಾರೆ. ಸುಳ್ಳು ಎಚ್ಚರಿಕೆಗಳ ಕೋಷ್ಟಕವನ್ನೂ ಕಳಿಸಿದ್ದಾರೆ. ಪರೀಕ್ಷೆಯ ಚಿತ್ರಗಳು ಕಲಿಕೆಯ ಚಿತ್ರಗಳಿದ್ದ ಆಸ್ಪತ್ರೆಯವೇ ಆಗಿದ್ದವು, ಬೇರೆ ಎರಡು ಕಡೆಯ ಚಿತ್ರಗಳ ಮೇಲಿನ ಕೆಲಸ ಈಗ ನಡೆಯುತ್ತಿದೆ, ಅದರ ಫಲಿತಾಂಶವನ್ನು ಮುಂದಿನ ಉಪನ್ಯಾಸದಲ್ಲಿ ತೋರಿಸುವೆನೆಂದೂ ಬರೆದಿದ್ದಾರೆ. ನನ್ನ ಪುಸ್ತಕದಲ್ಲಿ ಗೆರೆ ಎಳೆದಿದ್ದ 94ರ ಪಕ್ಕದಲ್ಲಿ ಇದಿಷ್ಟನ್ನೂ ಬರೆದು, ಅಂಚಿನಲ್ಲಿ 'ಅ' ಎಂದು ಹಾಕಿ ಮಗಳಿಗೆ ತೋರಿಸಿದೆ. ಮುಂದಿನ ಉಪನ್ಯಾಸಕ್ಕೆ ತಾನೂ ಬರುತ್ತೇನೆ ಎಂದಿದ್ದಾಳೆ.